ಆಗಿಬರದ ಹೊಸ್ತಿಲು

"ಅಲ್ಲೇ ಕುಂತ್ಕೊ," ಎಂದಳು ಮಹದೇವಮ್ಮ.

ಅವಳು ಹೊಸ್ತಿಲ ಒಳಗಡೆ ನಿಂತಿದ್ದಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟಿದ್ದಳು. ಮುದ್ದೆ ತಿರುವುತ್ತಿದ್ದವಳು ಹಾಗೇ ಎದ್ದು ಬಂದಿದ್ದರಿಂದ ಬೆರಳಿಗೆಲ್ಲ ಹಿಟ್ಟು ಮೆತ್ತಿತ್ತು. ಹೊರಗೆ ಅವಳ ಕಿರಿಮಗಳು ಇಂದು, ಎಂಟು ತಿಂಗಳು ತುಂಬಿದ ಬಸುರಿ, ಒಂದು ಕೈಯಲ್ಲಿ ರೆಕ್ಸಿನ್ ಬ್ಯಾಗು ಹಿಡಿದು ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಹಳೇಬೀಡಿನಿಂದ ಜಾವಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಬಾಣಾವರದ ಬಸ್ಸು ಹತ್ತಿ, ಕೊಪ್ಪಲು ಗೇಟಿನಲ್ಲಿ ಇಳಿದು ಕೇರಿಯವರೆಗೆ ಮುಕ್ಕಾಲು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದಳು.

"ಅಲ್ಲೇ ಅಂದ್ರೆ ಎಲ್ಲಿ?"

"ಜಗಲಿ ಮ್ಯಾಲೆ. ನೆಳ್ಳೈತೆ ನೋಡು. ನೀರ್ ತತ್ತೀನಿ ಇರು."

ಮಹದೇವಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಹೊಸ್ತಿಲು ದಾಟಿ ಬಂದು ಮಗಳ ಕೈಗೆ ಕೊಟ್ಟಳು. ಅವಳು ದಾಟಬಹುದಿತ್ತು. ನಾಯಿ ದಾಟಬಹುದಿತ್ತು, ಕೋಳಿ ದಾಟಬಹುದಿತ್ತು. ಆ ಮನೆಯ ಹೆಣ್ಣುಮಗಳು ಬಸುರಿಯಾಗಿ ಐದು ತಿಂಗಳು ಕಳೆದ ಮೇಲೆ ಮಾತ್ರ ದಾಟಬಾರದಿತ್ತು.

ಇಂದು ಒಂದೇ ಉಸಿರಿಗೆ ಚೊಂಬು ಖಾಲಿ ಮಾಡಿದಳು. ಜಗಲಿಯ ಮೇಲೆ ಕೂತು ಕಾಲು ಚಾಚಿದಳು. ಚಪ್ಪಲಿಯ ಪಟ್ಟಿ ಕಾಲಿನ ಮಾಂಸದೊಳಗೆ ಹೂತುಕೊಂಡಿತ್ತು.

"ಅವ್ರು ಕಳಿಸುದ್ರಾ, ನೀನೇ ಬಂದ್ಯಾ?"

"ಅತ್ತೇನೆ ಬ್ಯಾಗ್ ತುಂಬಿ ಕೊಟ್ರು. ನಮ್ ಯಜಮಾನ್ರ ಅಕ್ಕಂಗೆ ಅಲ್ಲೇ ಹೆರಿಗೆ ಆಗಿ ಹದಿನೆಂಟು ದಿನ ಆಯ್ತಲ್ಲ. ಒಂದೇ ಸೂರಿನ ಕೆಳಗೆ ಮೂರು ತಿಂಗ್ಳೊಳಗೆ ಎರಡು ಬಾಣಂತನ ಆಗ್ಬಾರ್ದಂತೆ. ಒಂದು ಮಗು ಇನ್ನೊಂದನ್ನ ತಿಂದಾಕ್ತೈತಂತೆ."

"ನಿಮ್ಮತ್ತೆ ಮರಿಯಮ್ಮ ಹಂಗಂದ್ಲಾ?"

"ಹಂಗೇ ಅಂದ್ರು. 'ಚೊಚ್ಚಲು ಹೆರಿಗೆ ತೌರಿಗೆ ಸೇರಿದ್ದು ಕಣಮ್ಮ, ನಿಮ್ಮೋರಿಗೆ ಮಾನ ಇಲ್ದಿದ್ರೆ ನಾನೇನ್ ಮಾಡ್ಲಿ' ಅಂದ್ರು. ಬೀದಿಯೋರ್ಗೆಲ್ಲ ಕೇಳಂಗೆ ಅಂದ್ರು."

"ನಿನ್ ಗಂಡ ಏನೂ ಅನ್ನಲಿಲ್ವಾ?"

"ಅವ್ರಾ? ದೇವಸ್ಥಾನದ ಹತ್ರ ಟೂರಿಸ್ಟ್ ಬಸ್ ಬಂತು ಅಂತ ಕಲ್ಲಿನ ಗೊಂಬೆ ತಕ್ಕಂಡು ಓಡುದ್ರು."

ಇಂದು ನಗಲು ಹೋದಳು, ಆಗಲಿಲ್ಲ. ನರ್ಸಮ್ಮ ಮೂರು ದಿನದ ಹಿಂದೆ ಕಾಲು, ಮುಖ ನೋಡಿ, ಬಿ.ಪಿ. ಹೆಚ್ಚಿದೆ, ಮಲಗಿಯೇ ಇರಬೇಕು, ಬಸ್ಸು ಗಿಸ್ಸು ಹತ್ತಕೂಡದು ಎಂದು ಹೇಳಿದ್ದನ್ನು ತಾಯಿಗೆ ಹೇಳಿದಳು. ಮಹದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ಮುದ್ದೆ ಸೀಯುವ ವಾಸನೆ ಬಂತು. ಎದ್ದು ಹೋಗಲಿಲ್ಲ.

"ಮಲಗಿರು ಅಂದ್ರು. ಎಲ್ಲಿ ಮಲಗ್ಲಿ ಹೇಳವ್ವ? ಅಲ್ಲಿ ಆಗಿಬರಲ್ಲ, ಇಲ್ಲಿ ಆಗಿಬರಲ್ಲ. ಜಾವಗಲ್ ಬಸ್ ಸ್ಟ್ಯಾಂಡಲ್ಲಿ ಟವಲ್ ಹಾಸ್ಕಳ್ಲಾ?"

"ನಿಮ್ಮಪ್ಪ ಬರ್ಲಿ," ಎಂದಳು ಮಹದೇವಮ್ಮ. "ನಾಕು ಗಂಟೆಗೆ ಬತ್ತದೆ."

ಆ ಮನೆಗೆ ಹೆರಿಗೆ ಆಗಿಬರಲ್ಲ ಎನ್ನುವುದು ಕೊಪ್ಪಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಇಂದುವಿನ ಅಪ್ಪ ದೇವರಾಜ್‌ಗೆ ಇಬ್ಬರು ಅಕ್ಕಂದಿರಿದ್ದರು. ದೊಡ್ಡವಳು ರುದ್ರಮ್ಮ ಚೊಚ್ಚಲು ಹೆರಿಗೆಗೆಂದು ಬಂದು ಇದೇ ಮನೆಯಲ್ಲಿ ಸತ್ತಳು. ಎರಡು ವರ್ಷ ಬಿಟ್ಟು ದ್ಯಾವಮ್ಮ ಬಂದಳು, ಅವಳೂ ಸತ್ತಳು. ಮಗುವೂ ಉಳಿಯಲಿಲ್ಲ. ಆಮೇಲೆ ಅವರ ತಂದೆ ದ್ಯಾವಯ್ಯ ಹಾರನಹಳ್ಳಿಗೆ ಹೋಗಿ ಶಾಸ್ತ್ರ ಕೇಳಿಕೊಂಡು ಬಂದ. ಹೊಸ್ತಿಲಿಗೆ ಹಾಕಿದ ಬೇವಿನ ಮರ ಯಾವುದೋ ಕಾಲದಲ್ಲಿ ಬಸುರಿಯನ್ನು ಹೂತ ಜಾಗದಲ್ಲಿ ಬೆಳೆದದ್ದು, ಅದು ಈ ಮನೆಯ ಹೆಣ್ಣು ಬಸುರಿಯರನ್ನು ಬಿಡುವುದಿಲ್ಲ ಎಂದ. ಹಾಗಾದರೆ ಕಿತ್ತು ಬಿಸಾಕೋಣ ಎಂದವರಿಗೆ, ಕಿತ್ತ ಗಂಡಸು ವರ್ಷ ಕಾಣುವುದಿಲ್ಲ ಎಂದ.

ಇದೆಲ್ಲ ಆಗಿ ಇಪ್ಪತ್ತೆಂಟು ವರ್ಷವಾಗಿತ್ತು. ಹೆಣ್ಣುಮಕ್ಕಳಿಗೆ ಹಾಕಿದ ಕಟ್ಟಳೆ ನಿಧಾನವಾಗಿ ಮನೆಯ ಎಲ್ಲಕ್ಕೂ ಹಬ್ಬಿತ್ತು. ಮೇಕೆ ತುಂಬು ಗಬ್ಬವಾದರೆ ಎದುರುಮನೆ ಗಿಡ್ಡಯ್ಯನ ಕೊಟ್ಟಿಗೆಗೆ ಹೊಡೆಯುತ್ತಿದ್ದರು. ಕೋಳಿಯನ್ನು ಕಾವು ಕೂರಿಸುವುದೂ ಅವನ ಮನೆಯಲ್ಲೇ. ಒಂದು ಸಲ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದಾಗ ಅಜ್ಜಿ ಮುದ್ದಮ್ಮ ಕಣ್ಣು ಬಿಡದ ಮರಿಗಳನ್ನು ಮಂಕರಿಯಲ್ಲಿ ಹಾಕಿಕೊಂಡು ಹೋಗಿ ಹುಲ್ಲಿನ ಮೆದೆಯ ಪಕ್ಕ ಇಟ್ಟು ಬಂದಿದ್ದಳು. ಸೊಸೆ ಮಹದೇವಮ್ಮ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ತನ್ನ ತವರಿನಲ್ಲಿ ಹೆತ್ತಳು, ಅದೇನೋ ಸರಿಯೇ. ಆದರೆ ದೊಡ್ಡ ಮಗಳು ಲತಾಮಣಿ ನಾಲ್ಕು ವರ್ಷದ ಹಿಂದೆ ಬೇಲೂರಿನಿಂದ ಹೀಗೇ ಬ್ಯಾಗು ಹಿಡಿದು ಬಂದಿದ್ದಳು. ಇದೇ ಜಗಲಿಯ ಮೇಲೆ ಕೂತಿದ್ದಳು. ಊಟವನ್ನೂ ಇಲ್ಲೇ ಹಾಕಿದ್ದರು. ಸಂಜೆ ಬಸ್ಸಿಗೆ ಅಪ್ಪನೇ ಹತ್ತಿಸಿ ಬಂದಿದ್ದ. ಅವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ದೇವರಾಜ್ ಹಬ್ಬಕ್ಕೆ ಸೀರೆ, ಬೆಣ್ಣೆ ಹೊತ್ತುಕೊಂಡು ಬೇಲೂರಿಗೆ ಹೋದರೆ ಕಾಫಿ ಕೊಡುತ್ತಾಳೆ. ಅಷ್ಟೇ. ಅವಳ ಗಂಡುಮಗು ತಾತನನ್ನು 'ರೈಲು ಮಾಮ' ಎನ್ನುತ್ತದೆ.

ಎದುರುಮನೆ ಗಿಡ್ಡಯ್ಯ ತನ್ನ ಬಾಗಿಲಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಂಡದ್ದು ಸಾಕಾಗಿ ಎದ್ದು ಬಂದ.

"ಏನವ್ವ ಇಂದೂ, ಆಚೇನೇ ಕುಂತ್ಬುಟ್ಟೆ? ಒಳಿಕ್ಕೋಗಕ್ಕೆ ನಿಮ್ಮಪ್ಪ ಟಿಕೀಟ್ ಮಾಡವ್ನಾ? ರೈಲ್ವೆಯೋನು, ಮಾಡಿದ್ರೂ ಮಾಡ್ದ."

"ಮಾಡವ್ನೆ ಮಾವ. ಬಸುರಿಯರ್ಗೆ ಸೀಟಿಲ್ಲವಂತೆ."

"ನಮ್ಮನೆಗೆ ಬಾರವ್ವ. ನಿಮ್ಮನೆ ಮೇಕೆಗಳೆಲ್ಲ ನಮ್ಮನೇಲೇ ಅಲ್ವಾ ಈಯೋದು. ಹೋದ್ವರ್ಸ ಒಂದು ಅವಳಿ ಹಾಕ್ತು."

"ಬಾಡಿಗೆಗೆ ಒಂದ್ ಮರಿ ಇಟ್ಕಂಡ್ಯಂತೆ. ನಂದೂ ಒಂದು ಇಟ್ಕಂತೀಯಾ?"

ಗಿಡ್ಡಯ್ಯ ತಲೆ ಕೆರೆದುಕೊಂಡ. "ಹಂಗಲ್ಲ ಕಣವ್ವ, ನಾನು ಪ್ರೀತಿಗಂದೆ."

"ಗೊತ್ತು ಮಾವ. ಆದ್ರೆ ನಾನು ಮೇಕೆ ಅಲ್ಲ."

ಮಹದೇವಮ್ಮ ಸೀದ ಮುದ್ದೆಯ ಮೇಲ್ಭಾಗವನ್ನು ತಟ್ಟೆಗೆ ಹಾಕಿ, ಅವರೆಕಾಳು ಸಾರು ಬಿಟ್ಟು ತಂದಳು. ಇಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಕ್ಕ ಇದೇ ಜಾಗದಲ್ಲಿ ಉಂಡು ಹೋಗಿದ್ದು ನೆನಪಿತ್ತು. ಆಗ ಅವಳು ಒಳಗಿನಿಂದ ಸಾರು ತಂದುಕೊಟ್ಟವಳು. ಅಕ್ಕ ಅಳುತ್ತ ಉಣ್ಣುತ್ತಿದ್ದಾಗ ಇನ್ನೊಂದಿಷ್ಟು ಹಾಕಲಾ ಎಂದು ಕೇಳಿದ್ದಳು. ಎಂಥ ಕೇಳಿಕೆ.

ನಾಲ್ಕೂವರೆಗೆ ದೇವರಾಜ್ ಸೈಕಲ್ಲಿನಲ್ಲಿ ಬಂದ. ಬಾಣಾವರದ ಕಡೆ ರೈಲ್ವೆ ಹಳಿಯ ಮೇಲೆ ಗ್ಯಾಂಗ್‌ಮನ್ ಕೆಲಸ. ಖಾಕಿ ಅಂಗಿಯ ಬೆನ್ನು ಬೆವರಿ ಉಪ್ಪುಗಟ್ಟಿತ್ತು. ದೂರದಿಂದಲೇ ಮಗಳನ್ನು ಕಂಡು ಅವನ ಮುಖ ಅರಳಿತು. ಸೈಕಲ್ಲು ನಿಲ್ಲಿಸುವಷ್ಟರಲ್ಲಿ ಅದೇ ಮುಖ ಬಾಡಿತು. ಮಗಳ ಹೊಟ್ಟೆ ನೋಡಿದ, ಬಾಗಿಲು ನೋಡಿದ.

"ಯಾವಾಗ್ ಬಂದೆ ಮಗಾ?"

"ಹನ್ನೆರಡಕ್ಕೆ."

"ಒಬ್ಳೇ ಬಂದ್ಯಾ?"

"ಇಬ್ರು," ಎಂದಳು ಇಂದು.

ಮಹದೇವಮ್ಮ ಎಲ್ಲ ಹೇಳಿದಳು. ನರ್ಸಮ್ಮ ಹೇಳಿದ್ದು, ಮರಿಯಮ್ಮ ಅಂದದ್ದು. ದೇವರಾಜ್ ಕುಕ್ಕರಗಾಲಲ್ಲಿ ಅಂಗಳದಲ್ಲೇ ಕೂತು ಕೇಳಿದ. ಕೇಳಿದ ಮೇಲೆ ಹೇಳಿದ: "ಬಾಣಾವರದಲ್ಲಿ ಸ್ಟೇಷನ್ ಹಿಂದ್ಗಡೆ ಒಂದ್ ರೂಮ್ ಖಾಲಿ ಐತೆ. ಈಗ್ಲೇ ಹೋಗಿ ಮಾತಾಡ್ತೀನಿ. ನಿಮ್ಮವ್ವ ಬಂದು ಜೊತೇಲಿರ್ತಾಳೆ. ನಾನೂ ಅಲ್ಲೇ ಬಿದ್ಕತೀನಿ. ಏನೂ ಕಮ್ಮಿ ಆಗಲ್ಲ."

"ನನ್ ಮಗಿಗೆ ನಿನ್ ತಾಯಿ ತೌರು ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಅದು ಏನಂತ ಹೇಳ್ಬೇಕಪ್ಪ? ಸ್ಟೇಷನ್ ಹಿಂದ್ಗಡೆ ಅಂತಲಾ?"

"ಜೀವ ದೊಡ್ದು ಮಗಾ."

"ಅರಸೀಕೆರೇಲಿ ಸಂಘದೋರ ಜೊತೆ ಕುಂತು ಬುದ್ಧಂ ಶರಣಂ ಅಂತೀಯ. ಮೌಢ್ಯ ಬಿಡಿ ಅಂತ ಊರೂರಲ್ಲಿ ಮಾತಾಡ್ತೀಯ. ಮನೆಗ್ ಬಂದ್ರೆ ಒಂದ್ ಬೇವಿನ ತುಂಡಿಗೆ ಹೆದರ್ತೀಯಲ್ಲ!"

"ನೀನ್ ನೋಡಿಲ್ಲ!" ದೇವರಾಜ್ ಕೂಗಿದ. ಕೇರಿಯ ನಾಯಿಯೊಂದು ಎದ್ದು ಹೋಯಿತು. "ನಾನ್ ನೋಡೀನಿ. ನಂಗೆ ಹದಿನಾರು ವರ್ಸ. ಈ ಜಗಲಿ ಮ್ಯಾಲೇ ನಿಂತಿದ್ದೆ, ನೀನು ಕುಂತಿದ್ದೀಯಲ್ಲ ಅಲ್ಲೇ. ದ್ಯಾವಕ್ಕ ಬೆಳಿಗ್ಗೆಯಿಂದ ಕೂಗ್ತಿದ್ಲು. ನಂಗೆ ನೀರ್ ಹುಯ್ದು ತಲೆ ಬಾಚಿ ಸಾಕ್ದೋಳು ಅವ್ಳು. ಹೊತ್ತು ಇಳಿಯೋ ಹೊತ್ಗೆ ಕೂಗೋದು ನಿಂತೋಯ್ತು. ಆಮೇಲೆ ಒಳಗಿಂದ ರಕ್ತ ಹರ್ಕಂಡು ಬಂದು ಈ ಹೊಸ್ತಿಲಿಗೆ ತಡೀತು. ಇಲ್ಲಿಗೆ, ನೋಡು, ಇಲ್ಲಿಗೆ."

ಇಂದು ಅವನು ತೋರಿಸಿದ ಜಾಗ ನೋಡಿದಳು. ಆಮೇಲೆ ಕೇಳಿದಳು: "ಆಗ ತಾತ ಎಲ್ಲಿತ್ತು?"

"ಗಾಡಿ ಹುಡ್ಕಕ್ಕೆ ಹೋಗಿತ್ತು."

"ಬೆಳಿಗ್ಗೆಯಿಂದ್ಲಾ?"

ದೇವರಾಜ್ ಅವಳ ಮುಖ ನೋಡಿದ. ಆ ಪ್ರಶ್ನೆ ಅವನಿಗೆ ಅರ್ಥವೇ ಆಗಲಿಲ್ಲವೇನೋ.

ಇಂದು ಗೋಡೆ ಹಿಡಿದು ಎದ್ದಳು. ಬ್ಯಾಗು ಎತ್ತಿಕೊಂಡಳು. "ಹೋಯ್ತೀನಿ. ಐದೂಕಾಲಿಗೆ ಬಸ್ಸೈತೆ. ಅಕ್ಕನ ಹಂಗೆ ನಂಗೂ ವರ್ಸಕ್ಕೊಂದ್ ಸೀರೆ ತಂದ್ಕೊಡು, ಕಾಫಿ ಕೊಡ್ತೀನಿ." ಹತ್ತು ಹೆಜ್ಜೆ ಹೋಗಿರಬಹುದು. ಗಿಡ್ಡಯ್ಯನ ಮನೆಯ ಮುಂದೆ ಕಣ್ಣಿಗೆ ಕತ್ತಲೆ ಬಂದು ತೆಂಗಿನ ಗರಿಯ ರಾಶಿಯ ಮೇಲೆ ಕೂತುಬಿಟ್ಟಳು. ಗಿಡ್ಡಯ್ಯ ಓಡಿಬಂದು ಹಿಡಿದ. ದೇವರಾಜ್ ಮತ್ತು ಮಹದೇವಮ್ಮ ಅವಳನ್ನು ಎರಡೂ ಕಡೆ ಹಿಡಿದು ನಡೆಸಿಕೊಂಡು ಬಂದು ಮತ್ತೆ ಜಗಲಿಯ ಮೇಲೆ, ಈ ಸಲ ಮಲಗಿಸಿದರು. ಬಿಸಿಲು ಓರೆಯಾಗಿ ಈಗ ಜಗಲಿಯ ಮೇಲೇ ಬೀಳುತ್ತಿತ್ತು. ಮಹದೇವಮ್ಮ ಸೆರಗನ್ನು ಅಗಲ ಹಿಡಿದು ಮಗಳ ಮುಖಕ್ಕೆ ನೆರಳು ಮಾಡಿ ನಿಂತಳು. ನಾಲ್ಕು ಗೋಡೆ, ಹೆಂಚಿನ ಮಾಡು ಇರುವ ಮನೆಯ ಮುಂದೆ.

ದೇವರಾಜ್ ಅದನ್ನು ನೋಡಿದ. ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಹಾರೆ ಇತ್ತು.

ಯಾರೂ ಏನೂ ಕೇಳುವ ಮೊದಲೇ ಹೊಸ್ತಿಲ ಬುಡಕ್ಕೆ ಹಾರೆ ಇಳಿಸಿದ. ಹಳಿ ಎತ್ತಿ ಜಲ್ಲಿ ತುರುಕುವ ಕೈ. ಎರಡೇ ಏಟಿಗೆ ಮಣ್ಣು ಬಿರಿಯಿತು. ಮೂರನೆಯದಕ್ಕೆ ಮರ ಕೀರಲು ದನಿ ಮಾಡಿ ಒಂದು ಕಡೆ ಮೇಲೆದ್ದಿತು. ಹಚ್ಚಿದ ಅರಿಸಿನ ಕುಂಕುಮದ ಹಕ್ಕಳೆ ಉದುರಿತು.

"ಅಯ್ಯೋ ಬ್ಯಾಡ ಕಣ್ರೀ! ಕಿತ್ತೋರು ವರ್ಸ ಇರಲ್ಲ!" ಮಹದೇವಮ್ಮ ಅವನ ತೋಳು ಹಿಡಿದು ಜೋತುಬಿದ್ದಳು. "ಗಿಡ್ಡಣ್ಣಾ, ಹಿಡ್ಕೋ ಅಣ್ಣಾ!"

"ನಾನ್ ಸತ್ರೆ ಸಾಯ್ತೀನಿ ಬಿಡೇ," ಎಂದ ದೇವರಾಜ್. ಅವನ ದನಿ ಸಮಾಧಾನವಾಗಿತ್ತು. "ಇದೊಂದಿಲ್ದಿದ್ರೆ ಅವ್ಳು ಒಳಗೆ ಬರ್ಬೌದು ತಾನೆ? ರೈಲ್ವೆ ದುಡ್ಡು ನಿಂಗೇ ಬತ್ತದೆ."

ಗಿಡ್ಡಯ್ಯ ಹಾರೆಯ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಎಳೆದಾಡುತ್ತಿದ್ದಾಗಲೇ ತಲೆಯ ಮೇಲೆ ಸೌದೆಯ ಹೊರೆ ಹೊತ್ತು ದೇವರಾಜ್‌ನ ತಾಯಿ ಮುದ್ದಮ್ಮ ಬಂದಳು. ಅಂಗಳಕ್ಕೆ ಬಂದವಳು ಹೊರೆಯನ್ನು ಇಳಿಸಲಿಲ್ಲ, ಬೀಳಿಸಿದಳು. ಜಗಲಿಯ ಮೇಲೆ ಮಲಗಿದ್ದ ಮೊಮ್ಮಗಳನ್ನು ನೋಡಿದಳು. ಎದ್ದ ಹೊಸ್ತಿಲನ್ನು ನೋಡಿದಳು.

"ಬಿಡ್ಲಾ," ಎಂದಳು. "ಅದರದೇನೂ ತಪ್ಪಿಲ್ಲ. ಬಿಡು."

"ನೀನ್ ಸುಮ್ಕಿರವ್ವ."

"ಬಿಡ್ಲಾ ಅಂದೆ! ಅದು ಹಿತ್ಲಲ್ಲಿ ಇದ್ದ ಬೇವು ಕಣೋ. ನಾನೇ ನೀರ್ ಹುಯ್ದು ಬೆಳ್ಸಿದ್ದು. ಅದರ ಬುಡದಲ್ಲಿ ಯಾವ ಬಸುರೀನೂ ಹೂತಿರ್ಲಿಲ್ಲ. ನಿಮ್ಮಪ್ಪ ಹಾರನಹಳ್ಳಿಗೆ ಹೋಗೇ ಇರ್ಲಿಲ್ಲ."

ಹಾರೆ ನಿಂತಿತು.

ಮುದ್ದಮ್ಮ ಹೊರೆಯ ಮೇಲೇ ಕೂತಳು. ಎಪ್ಪತ್ತು ದಾಟಿದ ಮುದುಕಿ. ಯಾರ ಮುಖವನ್ನೂ ನೋಡದೆ ನೆಲಕ್ಕೆ ಹೇಳಿದಳು.

"ರುದ್ರಿ ಸತ್ತಿದ್ದು ಯಾರ್ ಕೈಲೂ ಇರ್ಲಿಲ್ಲ. ಹೆತ್ಮೇಲೆ ಮಾಸು ಬೀಳಲಿಲ್ಲ, ಮಳೆ ಬೇರೆ, ಹಳ್ಳ ಬಂದಿತ್ತು. ದ್ಯಾವಿಗೆ ಹಂಗಲ್ಲ. ಸೂಲಗಿತ್ತಿ ಬೆಳಿಗ್ಗೇನೇ ಹೇಳಿದ್ಲು, ಮಗ ಅಡ್ಡ ತಿರ್ಗೈತೆ, ಆಸ್ಪತ್ರೆಗೆ ತಕ್ಕೊಂಡ್ ಹೋಗಿ ಅಂತ. ಪಟೇಲ್ರ ಮನೇಲಿ ಜೀಪಿತ್ತಲ್ಲ. ನಿಮ್ಮಪ್ಪ ಓಡೋಯ್ತು. 'ಇರ್ಲಾ ನೋಡಾನ' ಅಂದ್ರಂತೆ. ಬ್ಯಾಡ ಅನ್ನಲಿಲ್ಲ. ಬ್ಯಾಡ ಅಂದಿದ್ರೆ ಹೊತ್ಕಂಡಾದ್ರೂ ಹೋಗಿರೋದು. ಇರ್ಲಾ ಅಂದ್ರು. ನಿಮ್ಮಪ್ಪ ಅವ್ರ ಹಿತ್ಲಲ್ಲೇ ನಿಂತಿತ್ತು. ಪಟೇಲ್ರು ಊಟ ಮಾಡುದ್ರಂತೆ, ಮಲಗುದ್ರಂತೆ. ಆಳು ಬಂದು, 'ಸುಮ್ನೆ ಯಾಕ್ ನಿಂತಿದ್ದೀಯ, ಬುದ್ಯೋರು ಆ ತುಂಡು ಸೀಳು ಅಂದ್ರು' ಅಂದನಂತೆ. ಕೊಡ್ಲಿ ಕೈಗ್ ಕೊಟ್ರಂತೆ."

ಮುದ್ದಮ್ಮ ಕೈಯಲ್ಲಿ ಸೌದೆಯ ಚಕ್ಕೆಯೊಂದನ್ನು ಹಿಡಿದು ತಿರುಗಿಸುತ್ತಿದ್ದಳು.

"ಸೀಳ್ತು," ಎಂದಳು. "ಸೀಳಿ ಮುಗ್ಸುದ್ರೆ ಜೀಪ್ ಕೊಡ್ತಾರೆ ಅಂದ್ಕೊಂತು. ಮುಗೀತಿದ್ದಂಗೆ ಇನ್ನೊಂದ್ ತುಂಡು ತೋರ್ಸುದ್ರಂತೆ. ದನ ಮನೆಗೆ ಬರೋ ಹೊತ್ಗೆ ಇಲ್ಲಿಂದ ಯಾರೋ ಹೋಗಿ ಹೇಳುದ್ರು, ಇನ್ ಬ್ಯಾಡ ಬಾ ಅಂತ."

ಮಹದೇವಮ್ಮ ಅಳುತ್ತಿದ್ದಳು. ಗಿಡ್ಡಯ್ಯ ಹಾರೆಯನ್ನು ಬಿಟ್ಟು ಹಿಂದೆ ಸರಿದಿದ್ದ.

"ಮಣ್ಣಾಗಿ ಮೂರನೇ ದಿನಕ್ಕೆ ಎಲ್ರೂ ಕೇಳುದ್ರು, ಎಲ್ಲೋಗಿದ್ದೆ, ಗಾಡಿ ಯಾಕ್ ಸಿಗಲಿಲ್ಲ ಅಂತ. ನೀನು ಹದಿನಾರು ವರ್ಸದೋನು, ಮಚ್ಚಿಗೆ ಸಾಣೆ ಹಿಡೀತಾ ಕುಂತಿದ್ದೆ, ಯಾರಿಗೆ ಅಂತ ಗೊತ್ತಿಲ್ದೆ. ಗೊತ್ತಾಗಿದ್ರೆ ನಿಂಗೆ ಗಲ್ಲಾಗೋದು. ಅದೂ ಇತ್ತು. ಆದ್ರೆ ಅದಕ್ಕಿಂತ..." ಅವಳು ಚಕ್ಕೆಯನ್ನು ಕೆಳಗಿಟ್ಟಳು. "ಮಗ್ಳು ಸಾಯ್ತಿದ್ಲು, ನಾನು ಸೌದೆ ಸೀಳ್ತಿದ್ದೆ ಅಂತ ಮಗನ ಮುಂದೆ ಹೆಂಗ್ ಹೇಳ್ಳೇ ಅಂತ ನಿಮ್ಮಪ್ಪ ನನ್ ಹತ್ರ ಅಳ್ತು. ಹಾರನಹಳ್ಳಿ ದಾರೀಲಿ ಯಾವ್ದೋ ಮರದ್ ಕೆಳಗೆ ಇಡೀ ದಿನ ಕುಂತಿದ್ದು, ಒಂದ್ ನಿಂಬೆಹಣ್ ತಕ್ಕಂಡ್ ಬಂದು, ಹೊಸ್ತಿಲು ಅಂತು. ನಾನೂ ಹೊಸ್ತಿಲು ಅಂದೆ. ಜೀಪ್ ಕೊಟ್ಟಿದ್ರೆ ಉಳೀತಿದ್ಲೋ ಇಲ್ವೋ, ನಂಗೊತ್ತಿಲ್ಲ ಕಣಪ್ಪ. ಹೇಳ್ತಾ ಹೇಳ್ತಾ ನಂಗೂ ಹೊಸ್ತಿಲೇ ಅನ್ನಿಸ್ಬುಡ್ತು."

"ಲತಾಮಣಿ ಬಂದಾಗ್ಲೂ?" ಜಗಲಿಯಿಂದ ಇಂದು ಕೇಳಿದಳು.

"ಆಗ್ಲೂ," ಎಂದಳು ಮುದ್ದಮ್ಮ. "ಬಾಯಿಗೆ ಬಂತು. ನುಂಗ್ಬುಟ್ಟೆ."

ದೇವರಾಜ್ ತನ್ನ ಬೆರಳುಗಳನ್ನು ನೋಡಿಕೊಂಡ. ಆಡಿದ ಮಾತು ಯಾರಿಗೂ ಹೇಳಿದಂತಿರಲಿಲ್ಲ. "ಅವ್ರು ಸತ್ತಾಗ ನಾನು ತಮಟೆ ಹೊಡ್ದೆ. ಪಟೇಲ್ರು. ಬೆಳಿಗ್ಗೆಯಿಂದ ಮಣ್ಣಾಗೋವರ್ಗೆ ಹೊಡ್ದೆ. ಬೆರಳು ಒಡ್ದು ತಮಟೆ ಮ್ಯಾಲೆಲ್ಲ ರಕ್ತ ಆಗಿತ್ತು. ಅತ್ತಿದ್ದೆ ನಾನು. ಧರ್ಮಾತ್ಮ ಅಂತ ಅತ್ತಿದ್ದೆ."

ಹಾರೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಹಾಕಿಕೊಳ್ಳದೆ, ಊರೊಳಗಿನ ಪಟೇಲರ ಬೀದಿಯ ಕಡೆ ನಡೆದ. ಮಹದೇವಮ್ಮ ಕೂಗಿದಳು, ತಿರುಗಲಿಲ್ಲ. ಅವನ ಕೈಯಲ್ಲಿ ಏನೂ ಇರಲಿಲ್ಲ ಎನ್ನುವುದೇ ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು. "ನೀನಿರವ್ವ, ನಾನ್ ಹೋಯ್ತೀನಿ," ಎಂದು ಗಿಡ್ಡಯ್ಯ ಹಿಂದೆ ಓಡಿದ. ಅವಳೂ ನಿಲ್ಲಲಿಲ್ಲ.

ಅಂಗಳದಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಉಳಿದರು.

ಮುದ್ದಮ್ಮ ಎದ್ದು, ಒಳಗೆ ಹೋಗಿ, ಹೊಸ್ತಿಲ ಆ ಕಡೆ ನಿಂತಳು. ಮರ ಒಂದು ಕಡೆ ಗೇಣುದ್ದ ಎದ್ದು ಓರೆಯಾಗಿತ್ತು. ಕೈ ನೀಡಿದಳು. ಒಂದು ಸಲ ಹಿಂದಕ್ಕೆ ಎಳೆದು ಮತ್ತೆ ನೀಡಿದಳು. ಇಪ್ಪತ್ತೆಂಟು ವರ್ಷದ ಸುಳ್ಳನ್ನು ತಾನೇ ಹೇಳಿದವಳಿಗೂ ಅದರ ಭಯ ಹೋಗಿರಲಿಲ್ಲ.

"ಏಳವ್ವ."

"ನಿಂಗೆ ಭಯ ಆಗಲ್ವಾ ಅಜ್ಜಿ?"

"ಆಯ್ತದೆ. ಆದ್ರೂ ಬಾ."

ಇಂದು ಎದ್ದಳು. ಹೊಟ್ಟೆ ಅಡ್ಡ ಬಂದು ಕಾಲೆಲ್ಲಿಡುತ್ತೇನೆಂದು ಅವಳಿಗೆ ಕಾಣಲಿಲ್ಲ. ಎದ್ದ ಮರಕ್ಕೆ ಹೆಬ್ಬೆರಳು ತಾಗಿತು. ಕಾಲನ್ನು ಇನ್ನಷ್ಟು ಎತ್ತಿ, ಅಜ್ಜಿಯ ಹೆಗಲಿನ ಮೇಲೆ ಭಾರ ಬಿಟ್ಟು ದಾಟಿದಳು. ಒಳಗೆ ತಣ್ಣಗಿತ್ತು. ಸೀದ ರಾಗಿಯ ವಾಸನೆಯಿತ್ತು. ಇಬ್ಬರೂ ಅಲ್ಲೇ ನಿಂತು ಏನಾದರೂ ಆಗುತ್ತದೆಯೇ ಎಂದು ಕಾದರು. ಹೊಟ್ಟೆಯೊಳಗೆ ಮಗು ಒಂದು ಸಲ ಮಗ್ಗುಲು ಬದಲಿಸಿತು. ಮತ್ತೇನೂ ಆಗಲಿಲ್ಲ.

ಹೊತ್ತು ಮುಳುಗುವ ಮುಂಚೆ ದೇವರಾಜ್ ಬಂದ. ಹಿಂದೆ ಮಹದೇವಮ್ಮ, ಗಿಡ್ಡಯ್ಯ. ಜಗಲಿ ಖಾಲಿಯಿರುವುದನ್ನು ನೋಡಿ ಮೂವರೂ ನಿಂತರು. ಆಮೇಲೆ ಒಳಗೆ ಬಂದರು. ಇಂದು ನಡುಮನೆಯಲ್ಲಿ ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು.

"ಏನಾಯ್ತು?" ಎಂದು ಮುದ್ದಮ್ಮ ಕೇಳಿದಳು. "ಏನಾದ್ರೂ ಮಾಡ್ದೇನ್ಲಾ?"

"ಏನ್ ಮಾಡ್ಲಿ?" ದೇವರಾಜ್ ಕಂಬಕ್ಕೆ ಒರಗಿ ಕೂತ. "ಮೊಮ್ಮಗ ಇದ್ದ. ಡಿಗ್ರಿ ಓದೋ ಹುಡ್ಗ. 'ಬನ್ನಿ ದೇವರಾಜಣ್ಣ, ಕೂತ್ಕೊಳಿ' ಅಂತ ಕುರ್ಚಿ ಎಳ್ದ. ಕಾಫಿ ಕೊಡ್ಸಲಾ ಅಂದ. ಅವನ್ ಮುಖದಲ್ಲಿ ಹುಡುಕ್ದೆ ಕಣವ್ವ, ಆ ಮುದುಕ ಕಾಣ್ಲಿ ಅಂತ. ಕಾಣಲಿಲ್ಲ. ಮಗಳು ಬಸುರಿ, ಗಾಡಿ ಬೇಕಾಗ್ಬೌದು ಅಂದೆ. 'ಓಮ್ನಿ ಇದೆಯಲ್ಲ, ರಾತ್ರಿ ಎರಡು ಗಂಟೆ ಆದ್ರೂ ಬಾಗ್ಲು ಬಡೀರಿ' ಅಂದ. ಅಷ್ಟೇ. ಕೇಳುದ್ರೆ ಕೊಡ್ತಾರೆ ಕಣವ್ವ ಈಗ. ಅಷ್ಟೇ."

ಮುದ್ದಮ್ಮನ ಬೀಸಣಿಗೆ ನಿಂತಿತು.

"ಎದ್ದು ಬರೋವಾಗ, ಸೌದೆ ಗೀದೆ ಸೀಳೋದೈತಾ ಅಂತ ಕೇಳ್ದೆ," ಎಂದ. "ನಕ್ಬುಟ್ಟ. 'ಈಗೆಲ್ಲ ಗ್ಯಾಸು ದೇವರಾಜಣ್ಣ' ಅಂದ."

ಗಿಡ್ಡಯ್ಯ ಬಾಗಿಲಾಚೆ ತಿರುಗಿ ಮೂಗು ಸೀಟಿಕೊಂಡ. ಮಹದೇವಮ್ಮ ದೀಪ ಹಚ್ಚಲು ಎದ್ದಳು.

"ಅವನ್ ಗಾಡಿ ಬ್ಯಾಡ," ಎಂದ ದೇವರಾಜ್, ಮಗಳ ಕಡೆ ತಿರುಗಿ. "ಬೆಳಿಗ್ಗೆ ಗಿಡ್ಡಣ್ಣನ ಅಳಿಯನ ಆಟೋಲಿ ಸ್ಟೇಷನ್ನಿಗೆ ಹೋಗಾನ. ಪ್ಯಾಸೆಂಜರಲ್ಲಿ ಅರಸೀಕೆರೆ. ದೊಡ್ಡ ಡಾಕ್ಟ್ರ ಹತ್ರ ತೋರ್ಸಾನ. ಹೆರಿಗೆ ಅಲ್ಲಿ ಮಾಡ್ಸು ಅಂದ್ರೆ ಅಲ್ಲಿ. ಆದ್ರೆ ಹೋಗೋದು ಈ ಮನೆಯಿಂದ, ಬರೋದೂ ಈ ಮನೆಗೆ. ಆಯ್ತಾ?"

"ಅಕ್ಕಂಗೆ ಯಾರ್ ಹೇಳ್ತಾರೆ?"

"ಭಾನುವಾರ ಬೇಲೂರಿಗೆ ಹೋಗ್ತೀನಿ. ಅವ್ಳು ಕೇಳ್ತಾಳೋ ಇಲ್ವೋ." ಅವನು ತಡೆದ. "ಬರಿಗೈಲಿ ಹೋಗ್ತೀನಿ. ಸೀರೆ ಬ್ಯಾಡ."

ಅವನು ಮುಂದೆ ಸರಿದು ಮಗಳ ಕಾಲ ಬಳಿ ಕೂತ. ಚಪ್ಪಲಿಯ ಪಟ್ಟಿ ಕೊರೆದ ಗೆರೆ ಇನ್ನೂ ಕೆಂಪಗಿತ್ತು. ಜಲ್ಲಿ ಹೊತ್ತು ಒರಟಾದ ಹೆಬ್ಬೆರಳನ್ನು ಅವಳ ಕಣಕಾಲಿನ ಮೇಲಿಟ್ಟು ಮೆಲ್ಲಗೆ ಒತ್ತಿದ. ಕೈ ತೆಗೆದರೆ ಅಲ್ಲೊಂದು ಗುಣಿ ಉಳಿದಿತ್ತು, ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ. ದೇವರಾಜ್ ಗಾಬರಿಯಿಂದ ಮಗಳ ಮುಖ ನೋಡಿದ.

"ತಾನೇ ಸರಿಯಾಯ್ತದೆ ಕಣಪ್ಪ," ಎಂದಳು ಇಂದು. "ಸ್ವಲ್ಪ ಹೊತ್ತು ಬೇಕು."

ಅವನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ, ಆ ಗುಣಿ ತುಂಬಿಕೊಳ್ಳುವುದನ್ನೇ ನೋಡುತ್ತ ಕೂತ.